ಆ ಅಜ್ಜಿಯ ಚಿತ್ರಕ್ಕೆ ಬಹುಮಾನ ಏಕಿಲ್ಲ?



ಜನವರಿ 3 ಬಂತೆಂದರೆ ಮಹಾರಾಷ್ಟ್ರದ ಎಲ್ಲ ಶಾಲೆಗಳಂತೆ ನಮ್ಮ ಜತ್ತ ಭಾಗದ ಕನ್ನಡ ಶಾಲೆಗಳಲ್ಲೂ ಸಾವಿತ್ರಿಬಾಯಿ ಫುಲೆಯವರ ಜಯಂತಿ. ಫೋಟೋಕ್ಕೆ ಹಾರ, ಎರಡು ಭಾಷಣ, ಆಮೇಲೆ 'ಆದರ್ಶ ಮಹಿಳೆಯರ ಚಿತ್ರ ಬಿಡಿಸುವ ಸ್ಪರ್ಧೆ'. ಮಕ್ಕಳು ಏನು ಮಾಡುತ್ತಾರೆ? ಅಂಗಡಿಯಿಂದ ಚಾರ್ಟ್ ತರುತ್ತಾರೆ, ಮೇಲೆ ತೆಳು ಹಾಳೆ ಇಟ್ಟು ಗೆರೆ ಎಳೆಯುತ್ತಾರೆ, ತಿಳಿಗುಲಾಬಿ ಬಣ್ಣ ತುಂಬುತ್ತಾರೆ. ನಮ್ಮ ಮಕ್ಕಳ ಮೈಬಣ್ಣ ಯಾವ ಆದರ್ಶ ಮಹಿಳೆಗೂ ಇರುವುದಿಲ್ಲ! ಝಾನ್ಸಿ ರಾಣಿಗೂ ಕಿತ್ತೂರ ಚೆನ್ನಮ್ಮನಿಗೂ ಅದೇ ಕುದುರೆ, ಅದೇ ಕತ್ತಿ. ಕೆಳಗಿನ ಹೆಸರು ಮಾತ್ರ ಬೇರೆ. ಚೆನ್ನಮ್ಮ ಬ್ರಿಟಿಷರ ಮೇಲೆ ಕತ್ತಿ ಎತ್ತಿದ್ದು 1824ರಲ್ಲಿ, ಅಂದರೆ 1857ಕ್ಕಿಂತ 33 ವರ್ಷ ಮೊದಲು ಎಂಬುದನ್ನು ಆ ಮಗುವಿಗೆ ಯಾರೂ ಹೇಳಿರುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತಪ್ಪು ನಮ್ಮದು. ನಾವು ಶಿಕ್ಷಕರೇ ನೀಟಾದ ಗೆರೆಗೆ ಅಂಕ ಕೊಡುತ್ತ ಬಂದಿದ್ದೇವೆ.

ಹಿಂದೊಮ್ಮೆ ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಇಂಥದೊಂದು ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆವು. ಅವಳು ತನ್ನ ಅಜ್ಜಿಯ ಚಿತ್ರ ತೆಗೆದಳು. ಬಾಗಿದ ಬೆನ್ನು, ಒಲೆಯ ಮುಂದೆ ರೊಟ್ಟಿ, ಪಕ್ಕದಲ್ಲಿ ಪಾಟಿಚೀಲ. ಪರೀಕ್ಷಕರು "ಇದು ಯಾರು?" ಎಂದರು. "ನಮ್ಮ ಆಯಿರೀ" ಎಂದಳು. "ವಿಷಯ ಆದರ್ಶ ಮಹಿಳೆ ಐತಿ" ಎಂದು ಹಾಳೆ ಪಕ್ಕಕ್ಕಿಟ್ಟರು. ನಾವೂ ಅಲ್ಲೇ ಇದ್ದೆವು, ಬಾಯಿ ಬಿಡಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

ಯಾರು ಆ ಅಜ್ಜಿ? ದೀಪಾವಳಿ ಮುಗಿಯುತ್ತಲೇ ಮಗ ಸೊಸೆ ಕಬ್ಬು ಕಡಿಯಲು ಹೊರಟಾಗ "ಹುಡುಗಿ ನನ್ನ ಕಡೆ ಇರಲಿ, ಸಾಲಿ ತಪ್ಪೂದು ಬ್ಯಾಡ" ಎಂದು ಮೊಮ್ಮಗಳನ್ನು ಊರಲ್ಲೇ ಉಳಿಸಿಕೊಂಡವಳು. ಅವಳು ಹಿಡಿದಿಡದಿದ್ದರೆ ಆ ಜನವರಿಯಲ್ಲಿ ಹುಡುಗಿ ಯಾವುದೋ ಕಬ್ಬಿನ ಹೊಲದಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತಿದ್ದಳು.

ಸಾವಿತ್ರಿಬಾಯಿ ಮಾಡಿದ್ದೇನು? 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಅವರಿಗೆ 17 ವರ್ಷ. ದಾರಿಯಲ್ಲಿ ಸೆಗಣಿ, ಕೆಸರು ಎರಚುತ್ತಿದ್ದರೆಂದು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಪಾಠಕ್ಕೆ ಹೋದರು. 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತ ತಾವೇ ಪ್ಲೇಗಿಗೆ ಬಲಿಯಾದರು. ಹೆಣ್ಣುಮಕ್ಕಳು ಶಾಲೆಯಲ್ಲಿ ಇರಬೇಕು ಎಂಬುದಕ್ಕಾಗಿ ಬದುಕಿದವರ ಜಯಂತಿಯ ದಿನವೇ, ಒಂದು ಹುಡುಗಿಯನ್ನು ಶಾಲೆಯಲ್ಲಿ ಉಳಿಸಿದ ಅಜ್ಜಿಯನ್ನು "ವಿಷಯಕ್ಕೆ ಸಂಬಂಧವಿಲ್ಲ" ಎಂದರೆ ಹೇಗೆ?

"ಹಾಗಾದರೆ ದೊಡ್ಡವರ ಚಿತ್ರ ಬೇಡವೇ?" ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ಆದರೆ ಬರೀ ಮುಖ ಬೇಡ, ಮಾಡಿದ ಕೆಲಸ ಬೇಕು. ಸಾವಿತ್ರಿಬಾಯಿಯ ಚಿತ್ರದಲ್ಲಿ ಆ ಸೀರೆಯ ಚೀಲ ಇರಲಿ. ಗಂಗೂಬಾಯಿ ಹಾನಗಲ್ಲರ ಚಿತ್ರದಲ್ಲಿ ರೈಲು ಇರಲಿ. ಸವಾಯಿ ಗಂಧರ್ವರ ಬಳಿ ಕಲಿಯಲು ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಹೋಗುತ್ತಿದ್ದರು. ಅಕ್ಕಮಹಾದೇವಿಯ ಮುಖವನ್ನಂತೂ ಕಂಡವರು ಯಾರೂ ಇಲ್ಲ. ಕ್ಯಾಲೆಂಡರಿನ ಅಕ್ಕ ಕಲಾವಿದನ ಕಲ್ಪನೆ. ನಮ್ಮ ಮಗುವೂ ತನ್ನ ಅಕ್ಕನನ್ನು ತಾನೇ ಕಲ್ಪಿಸಿಕೊಳ್ಳಲಿ, ಕಪ್ಪಗಿದ್ದರೂ ಸರಿ! ಗಡಿಯಾಚೆಯ ನಮ್ಮ ಮಕ್ಕಳಿಗೆ ಸಾವಿತ್ರಿಬಾಯಿಯೂ ನಮ್ಮವರೇ, ಅಕ್ಕನೂ ನಮ್ಮವಳೇ. ಒಬ್ಬರಿಗಾಗಿ ಇನ್ನೊಬ್ಬರನ್ನು ಬಿಡಬೇಕಾಗಿಲ್ಲ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಚಾರ್ಟ್ ಮುಚ್ಚಿಡಿ. ಮೊದಲು ಕಥೆ ಹೇಳಿ, ಆಮೇಲೆ ಹಾಳೆ ಕೊಡಿ. ಪ್ರತಿ ಮಗುವೂ ಎರಡು ಚಿತ್ರ ತೆಗೆಯಲಿ: ಒಂದು ಇತಿಹಾಸದ ಹೆಣ್ಣುಮಗಳದು, ಇನ್ನೊಂದು ತನ್ನ ಊರಿನವಳದು. ಎರಡಕ್ಕೂ ಸಮ ಅಂಕ ಇರಲಿ. ಚಿತ್ರದ ಕೆಳಗೆ 'ಈಕೆ ಏನು ಮಾಡಿದಳು' ಎಂದು ಮಗು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಇದಕ್ಕೆ ಸರಕಾರದ ಆದೇಶವೇನೂ ಬೇಕಿಲ್ಲ.

ಇನ್ನೊಂದು ಮಾತು. ನಮ್ಮ ಎಷ್ಟೋ ಊರುಗಳಲ್ಲಿ ಕನ್ನಡ ಶಾಲೆ ಏಳನೆಯ ತರಗತಿಗೇ ಮುಗಿಯುತ್ತದೆ. ಮುಂದೆ ಹೈಸ್ಕೂಲು ದೂರ ಎಂದು ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿಯೇ. ಪಾಲಕರೇ, ಮಗಳು ಬಿಡಿಸಿದ ಸಾವಿತ್ರಿಬಾಯಿಯ ಚಿತ್ರವನ್ನು ಗೋಡೆಗೆ ಹಚ್ಚಿ ಅದೇ ಮಗಳನ್ನು ಶಾಲೆ ಬಿಡಿಸಿದರೆ, ಆ ಚಿತ್ರಕ್ಕೆ ಏನು ಅರ್ಥ?