ಕಂಪ್ಯೂಟರಿನೊಳಗೆ ಕೊಂಕಣ ರೈಲು

ಕಾರವಾರದಲ್ಲಿ ರೈಲು ಹತ್ತಿ ಅಂಕೋಲೆಗೆ ಹೊರಟವರು ಕಿಟಕಿ ಪಕ್ಕ ಸರಿಯಾಗಿ ಕೂರುವುದರೊಳಗೆ ಹಾರವಾಡ ದಾಟಿರುತ್ತದೆ. ಇದೇ ದಾರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಲು ಕೂತವನಿಗೆ ತಿಂಗಳುಗಳೇ ಬೇಕು. ಶಿರವಾಡದ ನಿಲ್ದಾಣ, ಗುಡ್ಡದೊಳಗಿನ ಸುರಂಗ, ಗದ್ದೆ, ತೆಂಗಿನ ಮರ, ಸಿಗ್ನಲ್ ಕಂಬ ಎಲ್ಲವನ್ನೂ ಒಂದೊಂದಾಗಿ ನೆಡಬೇಕು. ಕೂಲಿ ಮಾತ್ರ ಕೇಳಬಾರದು!

ಈ ಹುಚ್ಚು ಹಿಡಿಸಿದ್ದು 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್. ಅದರಲ್ಲಿದ್ದುದು ಆರೇ ದಾರಿ. ಅಮೆರಿಕದ್ದು ಎರಡು, ಜಪಾನಿನದು ಎರಡು, ಇಂಗ್ಲೆಂಡ್ ಮತ್ತು ಆಸ್ಟ್ರಿಯದ್ದು ಒಂದೊಂದು. ಭಾರತ ಇರಲೇ ಇಲ್ಲ. ಆದರೆ ದಾರಿ ಕಟ್ಟುವ ಸಲಕರಣೆಯನ್ನೂ ಕಂಪನಿ ಜೊತೆಯಲ್ಲೇ ಕೊಟ್ಟಿತ್ತು. ಭಾರತದ ರೈಲುಪ್ರಿಯರಿಗೆ ಅಷ್ಟು ಸಾಕಾಯಿತು. ಎಂಜಿನ್, ಬೋಗಿ, ಹಳಿ ಎಲ್ಲ ತಾವೇ ಮಾಡಿ ಪುಕ್ಕಟೆ ಹಂಚಿಕೊಂಡರು. ಎರಡನೆಯ ಆವೃತ್ತಿಯನ್ನು ಕಂಪನಿ 2009ರಲ್ಲಿ ಕೈಬಿಟ್ಟರೂ ಹವ್ಯಾಸಿಗಳು ಕದಲಲಿಲ್ಲ. ಹಳೆಯ ದಾರಿಗಳನ್ನೇ ಓಡಿಸುವ ಓಪನ್ ರೈಲ್ಸ್ ಎಂಬ ತಂತ್ರಾಂಶವನ್ನು ಅವರೇ ಬರೆದುಕೊಂಡರು. ಅದಕ್ಕೂ ಕಾಸಿಲ್ಲ.

ನೆಲ ಎಬ್ಬಿಸುವುದು ಸುಲಭ. ಎಂಡೆವರ್ ನೌಕೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶದಿಂದ ರಾಡಾರ್ ಹಾಯಿಸಿ ಅಳೆದ ಭೂಮಿಯ ಎತ್ತರದ ಲೆಕ್ಕ ಯಾರಿಗಾದರೂ ಸಿಗುತ್ತದೆ. ಕೊಂಕಣದಲ್ಲಿ ಪೇಚಾಟ ಶುರುವಾಗುವುದು ಆಮೇಲೆ. ಬಹುಕಾಲ ಸಿಗುತ್ತಿದ್ದ ಲೆಕ್ಕ ಸುಮಾರು 90 ಮೀಟರಿಗೊಂದು ಅಳತೆಯದು. ಹಳಿಗಾಗಿ ಗುಡ್ಡ ಸೀಳಿದ ಜಾಗ ಅದಕ್ಕಿಂತ ಕಿರಿದು. ಹಾಗಾಗಿ ಹಳಿ ಒಂದು ಕಡೆ ಮಣ್ಣಲ್ಲಿ ಹೂತುಹೋದರೆ ಇನ್ನೊಂದು ಕಡೆ ಗಾಳಿಯಲ್ಲಿ ತೇಲುತ್ತದೆ. ಗುಡ್ಡವನ್ನು ಮತ್ತೊಮ್ಮೆ ಕೈಯಾರೆ ಕಡಿಯಬೇಕು. ಒಂದು ಅರ್ಥದಲ್ಲಿ ಕೊಂಕಣ ರೈಲ್ವೆಯವರು ಪಟ್ಟ ಪಾಡೇ, ಬೆವರೊಂದು ಇಲ್ಲ.

ಇಷ್ಟು ದುಡಿದವರು ಕಡತದ ಜೊತೆ ಒಂದು ಷರತ್ತನ್ನೂ ಬರೆದಿಡುವುದುಂಟು: ಅನುಮತಿಯಿಲ್ಲದೆ ತಿದ್ದಬಾರದು. ನ್ಯಾಯವೇ. ಆದರೆ ಅವರು ನೌಕರಿ, ಸಂಸಾರ ಎಂದು ದೂರವಾದ ಮೇಲೆ ಅನುಮತಿ ಕೇಳುವುದು ಯಾರನ್ನು? ಮುರಿದ ಸಿಗ್ನಲ್ಲೊಂದನ್ನು ಸರಿಪಡಿಸಲೂ ಕೈ ಬರುವುದಿಲ್ಲ. ಬಿಡುವ ಮುನ್ನ ಇನ್ನೊಬ್ಬರಿಗೆ ಒಪ್ಪಿಸಿ ಹೋಗುವುದು ವಾಸಿ.

ಇನ್ನೊಂದು ತೊಡಕು, ಕಟ್ಟಬೇಕಾದದ್ದು ಯಾವ ವರ್ಷದ ಕಾರವಾರ ಎಂಬುದು. ಇಡೀ ಮಾರ್ಗ 1998ರ ಜನವರಿಯಲ್ಲಿ ತೆರೆದಾಗ ಮೇಲೆ ತಂತಿ ಇರಲಿಲ್ಲ. ಡೀಸೆಲ್ ಎಂಜಿನ್ನು ಬಯಲು ಆಕಾಶದಡಿ ಕಾಳಿ ನದಿ ದಾಟುತ್ತಿತ್ತು. 2022ರಲ್ಲಿ ವಿದ್ಯುದೀಕರಣ ಮುಗಿದ ಮೇಲೆ ಆ ನೋಟ ಉಳಿದಿರುವುದು ಹಳೆಯ ಫೋಟೋಗಳಲ್ಲಿ. ಹಾರವಾಡ, ಅಂಕೋಲೆ ನಿಲ್ದಾಣಗಳಲ್ಲಿ ಆಗ ತೆಗೆದ ಚಿತ್ರ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ, ಹಿಂದೆ ಕಾಣುವ ಕಂಬ, ಚಾವಣಿ, ಫಲಕಗಳೇ ದಾರಿ ಕಟ್ಟುವವರಿಗೆ ಬೇಕಾದವು.