ಜಲಜನಕದ ಬೇಲಿ ದಾಟಿದ ಬೆಳಕು

ಬೆಂಗಳೂರಿನ ದೀಪಾಂಜಲಿ ನಗರದ ಅಂಚಿನಲ್ಲಿ ಹಾದುಹೋಗುವ ಮೈಸೂರು ರಸ್ತೆಯನ್ನು ಹಿಡಿದು ಕೆಂಗೇರಿಯನ್ನು ದಾಟಿ, ಮುಂದೆ ಒಳದಾರಿಯಲ್ಲಿ ಸಾಗಿದರೆ ಬ್ಯಾಲಾಳು ಎಂಬ ಹಳ್ಳಿ ದೊರೆಯುತ್ತದೆ. ಬಟ್ಟಲಿನಾಕಾರದ ಬೃಹತ್ ಆಂಟೆನಾಗಳು ಆಕಾಶಕ್ಕೆ ಮುಖವೊಡ್ಡಿ ನಿಂತಿರುವ ಆ ಊರಿನಲ್ಲಿ ಬಾಹ್ಯಾಕಾಶ ವಿಜ್ಞಾನದ ಮಾಹಿತಿ ಭಂಡಾರವಿದೆ. ‘ಆಸ್ಟ್ರೋಸ್ಯಾಟ್’ ಉಪಗ್ರಹದ ಸಂಗ್ರಹವಿರುವುದು ಅಲ್ಲಿಯೇ. ಆ ಉಪಗ್ರಹವು ಕಂಡ ಬೆಳಕುಗಳಲ್ಲಿ ಒಂದು, 930 ಕೋಟಿ ವರ್ಷಗಳ ಹಿಂದೆ ಹೊರಟುದು.

ಅದರ ಹಿರಿಮೆಯನ್ನು ಅರಿಯಲು ವಿಶ್ವದ ಬಾಲ್ಯಕ್ಕೆ ಹೋಗಬೇಕು. ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಜಲಜನಕದ ಪರಮಾಣುಗಳು ರೂಪುಗೊಂಡವು. ನಕ್ಷತ್ರಗಳು ಇನ್ನೂ ಹುಟ್ಟಿರಲಿಲ್ಲ, ಎಲ್ಲೆಲ್ಲೂ ಕತ್ತಲೆ. ಇಂದಾದರೋ ಗೆಲಾಕ್ಸಿಗಳ ನಡುವಣ ಜಲಜನಕದ ಪರಮಾಣುಗಳು ಬಹುಪಾಲು ಒಡೆದು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿವೆ. ಹಾಗೆ ಒಡೆದವು ಮೊದಲ ತಾರೆಗಳ ತೀಕ್ಷ್ಣ ಅತಿನೇರಳೆ ಕಿರಣಗಳೆಂದು ವಿಜ್ಞಾನಿಗಳು ಬಗೆಯುತ್ತಾರೆ. ತೊಡಕಿರುವುದು ಇಲ್ಲಿಯೇ. ಆ ಕಿರಣಗಳನ್ನು ಗೆಲಾಕ್ಸಿಯೊಳಗಿನ ಜಲಜನಕವೇ ಹೀರಿಬಿಡುತ್ತದೆ. ತಿಂಗಳ ಸಂಬಳವೆಲ್ಲ ಮನೆಯ ಖರ್ಚಿಗೇ ತೀರಿದರೆ ಊರಿಗೆ ಕಳುಹಿಸಲು ಉಳಿಯುವುದೇನು?

ಹಾಗೆ ಉಳಿದು ಹೊರಬಂದ ಕಿರಣವನ್ನು ಹಿಡಿಯುವುದೂ ಸುಲಭವಲ್ಲ. ಹತ್ತಿರದ ಗೆಲಾಕ್ಸಿಯದಾದರೆ ನಮ್ಮ ಆಕಾಶಗಂಗೆಯ ಜಲಜನಕ ಅದನ್ನು ತಡೆಯುತ್ತದೆ. ದೂರದಿಂದ ಬರುವ ಬೆಳಕು ವಿಶ್ವದೊಡನೆ ತಾನೂ ಹಿಗ್ಗಿ, ಉದ್ದನೆಯ ಅಲೆಯಾಗಿ, ಆ ತಡೆಯಿಂದ ಪಾರಾಗಬಲ್ಲುದು. ಆದರೂ ಭೂಮಿಯ ವಾಯುಮಂಡಲ ಅದನ್ನು ನೆಲಕ್ಕಿಳಿಯಗೊಡದು. ಆದುದರಿಂದ ಕಣ್ಣನ್ನೇ ಮೇಲಕ್ಕೆ ಕಳುಹಿಸಬೇಕಾಯಿತು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಆಸ್ಟ್ರೋಸ್ಯಾಟ್ ಅಂಥ ಕಣ್ಣನ್ನು ಹೊತ್ತಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ, ಹೊಸಕೋಟೆಯ ಪ್ರಯೋಗಶಾಲೆಯಲ್ಲಿ ಜೋಡಣೆಗೊಂಡ ಅವಳಿ ದೂರದರ್ಶಕ ಅದು. ಅದರ ಕನ್ನಡಿಯ ಅಗಲ 38 ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಅಮೆರಿಕದ ಹೆಸರಾಂತ ಹಬಲ್ ದೂರದರ್ಶಕದ್ದು 2.4 ಮೀಟರ್. 2016ರ ಅಕ್ಟೋಬರಿನಲ್ಲಿ ಈ ಪುಟ್ಟ ಕಣ್ಣು ಹಬಲ್ ಹಿಂದೆಯೇ ಶೋಧಿಸಿದ್ದ ಆಕಾಶದ ತುಣುಕೊಂದನ್ನು ಒಟ್ಟು 28 ಗಂಟೆಗಳಷ್ಟು ಕಾಲ ದಿಟ್ಟಿಸಿತು. ಪುಣೆಯ ಕನಕ್ ಸಹಾ ಮತ್ತು ಅವರ ಸಂಗಡಿಗರು ಸುಮಾರು ಎರಡು ವರ್ಷ ಆ ಮಾಹಿತಿಯನ್ನು ಜರಡಿ ಹಿಡಿದರು. 2020ರ ಆಗಸ್ಟಿನಲ್ಲಿ ಫಲಿತಾಂಶ ಪ್ರಕಟವಾಯಿತು: ‘ಎಯುಡಿಎಫ್‌ಎಸ್-01’ ಎಂಬ ಗೆಲಾಕ್ಸಿಯಿಂದ ಪರಮಾಣುವನ್ನು ಒಡೆಯಬಲ್ಲ ಕಿರಣಗಳಲ್ಲಿ ಐದರಲ್ಲೊಂದಕ್ಕೂ ಹೆಚ್ಚು ಪಾಲು ಹೊರಸೂಸುತ್ತಿತ್ತು.

ಹಬಲ್‌ಗೆ ಸಿಗದುದು ಈ ಕಿರಿಯನಿಗೆ ಹೇಗೆ ಸಿಕ್ಕಿತು? ಇದರ ಶೋಧಕದಲ್ಲಿ ಹಿನ್ನೆಲೆಯ ಗದ್ದಲ ಬಹಳ ಕಡಿಮೆ. ಸಂತೆಯಲ್ಲಿ ಕೇಳಿಸದ ಪಿಸುಮಾತು ನಡುರಾತ್ರಿಯ ಮೌನದಲ್ಲಿ ಕೇಳಿಸುವಂತೆ, ಬೆಳಕಿನ ಒಂದೊಂದು ಕಣವೂ ಇಲ್ಲಿ ಎಣಿಕೆಗೆ ಸಿಕ್ಕಿತು.

ಈ ಗೆಲಾಕ್ಸಿ ವಿಶ್ವದ ಮೊದಲ ಮುಂಜಾವಿನದಲ್ಲ; ಆ ಮುಂಜಾವು ಇನ್ನೂ ನೂರಾರು ಕೋಟಿ ವರ್ಷಗಳಷ್ಟು ಹಿಂದಿನದು. ಅಂದಿನ ಇಂಥ ಕಿರಣಗಳು ನಡುದಾರಿಯ ಜಲಜನಕದಲ್ಲಿ ಅಡಗಿಹೋಗಿ ಇಲ್ಲಿಗೆ ಮುಟ್ಟುವುದೇ ಇಲ್ಲ. ಆದುದರಿಂದಲೇ ಎಯುಡಿಎಫ್‌ಎಸ್-01ರ ಸಾಕ್ಷ್ಯ ಅಮೂಲ್ಯವಾದುದು. ಗೆಲಾಕ್ಸಿಯೊಂದರ ಬೆಳಕು ತನ್ನ ಮನೆಯ ಬೇಲಿಯನ್ನು ದಾಟಬಲ್ಲುದೆಂದು ಅದು ತೋರಿಸಿಕೊಟ್ಟಿತು. ವಿಶ್ವದ ಕತ್ತಲೆ ಕರಗಿದ ಬಗೆಯನ್ನು ತಿಳಿಯಲು ಮೊದಲು ಬೇಕಾದ ತಿಳಿವು ಅದೇ.