ಒಪ್ಪಂದಕ್ಕೆ ಇನ್ನೊಂದು ಪುಟ ಸೇರಿಸಿ: ಕೈಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಜಾಗತಿಕ ಹೂಡಿಕೆದಾರರ ಸಮಾವೇಶದ ಕೊನೆಗೆ, 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಸಿಕ್ಕಿದೆ ಎಂದು ಸರ್ಕಾರ ಪ್ರಕಟಿಸಿತು. ಹೂಡಿಕೆ ಬರಲಿ. ಬೆಂಗಳೂರು ಬಿಟ್ಟು ಆಚೆಗೂ ಬರಲಿ. ಯಾದಗಿರಿಯ, ವಿಜಯಪುರದ ಮಕ್ಕಳು ಕೆಲಸಕ್ಕಾಗಿ ಊರು ಬಿಡುವುದು ತಪ್ಪಲಿ. ಈ ವಿಷಯದಲ್ಲಿ ತಮಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಬಹುರಾಷ್ಟ್ರೀಯ ಕಂಪನಿಯೊಂದರ ಜೊತೆ ಒಪ್ಪಂದವಾದ ಸುದ್ದಿ ಬಂದಾಗ ನಮಗೆ ನಾಲ್ಕು ಸಂಗತಿ ತಿಳಿಯುತ್ತವೆ: ಎಷ್ಟು ಕೋಟಿ, ಎಷ್ಟು ಎಕರೆ, ಎಷ್ಟು ಉದ್ಯೋಗ, ಎಷ್ಟು ರಿಯಾಯಿತಿ. ಐದನೆಯದೊಂದು ಸಂಗತಿ ಯಾವ ಸುದ್ದಿಯಲ್ಲೂ ಇರುವುದಿಲ್ಲ. ಈ ಕಂಪನಿ ತನ್ನ ತಾಯ್ನಾಡಿನ ಕಾರ್ಖಾನೆಯಲ್ಲಿ ಕಾರ್ಮಿಕರ ಜೀವವನ್ನೂ ಸುತ್ತಲಿನ ನೀರು-ಗಾಳಿಯನ್ನೂ ಕಾಯಲು ಏನೇನು ಮಾಡುತ್ತದೆಯೋ ಅಷ್ಟನ್ನೂ ಇಲ್ಲಿ ಮಾಡುತ್ತದೆಯೇ? ಈ ಪ್ರಶ್ನೆಗೆ ಮಾತೃಸಂಸ್ಥೆ ಲಿಖಿತ ಉತ್ತರ ಕೊಡಬೇಕು, ಅದರ ಸಹಿ ಬಿದ್ದ ಆ ಉತ್ತರ ಒಪ್ಪಂದದ ಭಾಗವಾಗಬೇಕು. ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಇದು ಏಕೆ ಬೇಕು ಎಂಬುದಕ್ಕೆ ನೆರೆರಾಜ್ಯದ ಒಂದು ಘಟನೆಯೇ ಸಾಕು.

2020ರ ಮೇ 7ರ ನಸುಕಿನಲ್ಲಿ, ಸುಮಾರು ಮೂರು ಗಂಟೆಯ ಹೊತ್ತಿಗೆ, ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿರುವ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಂತು. ಮಲಗಿದ್ದವರು ಕೆಮ್ಮುತ್ತ ಎದ್ದು ಓಡಿದರು. ಹಲವರು ರಸ್ತೆಯಲ್ಲೇ ಕುಸಿದರು. ಹನ್ನೆರಡು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು, ಹಟ್ಟಿಯಲ್ಲಿ ಕಟ್ಟಿದ್ದ ದನಗಳು ಕಟ್ಟಿದಲ್ಲೇ ಸತ್ತವು.

ಸ್ಟೈರೀನ್ ಪ್ಲಾಸ್ಟಿಕ್ ತಯಾರಿಕೆಗೆ ಬೇಕಾದ ದ್ರವ. ಬಿಸಿಯಾದರೆ ಅದು ತಾನಾಗಿಯೇ ಪಾಲಿಮರ್ ಆಗತೊಡಗುತ್ತದೆ. ಆ ಕ್ರಿಯೆಯಿಂದ ಇನ್ನಷ್ಟು ಶಾಖ ಹುಟ್ಟುತ್ತದೆ, ಆ ಶಾಖದಿಂದ ಕ್ರಿಯೆ ಇನ್ನಷ್ಟು ಬಿರುಸಾಗುತ್ತದೆ. ಆದ್ದರಿಂದ ಅದನ್ನು ಹಗಲಿರುಳು ತಂಪಾಗಿ ಇಡಬೇಕು, ಕ್ರಿಯೆಯನ್ನು ತಡೆಯುವ ಟಿಬಿಸಿ ಎಂಬ ರಾಸಾಯನಿಕವನ್ನು ಸಾಕಷ್ಟು ಬೆರೆಸಿರಬೇಕು, ಟ್ಯಾಂಕಿನ ತಳದಲ್ಲಿ, ನಡುವೆ, ಮೇಲೆ ಎಷ್ಟೆಷ್ಟು ಬಿಸಿ ಇದೆ ಎಂದು ನೋಡುತ್ತಿರಬೇಕು. ರಸಾಯನ ಉದ್ಯಮದಲ್ಲಿರುವ ಎಲ್ಲರಿಗೂ ಗೊತ್ತಿರುವ ಪಾಠ ಇದು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿಯನ್ನು ತಾವು ದಯವಿಟ್ಟು ತರಿಸಿ ಓದಬೇಕು. ಲಾಕ್‌ಡೌನಿನಿಂದ ಕಾರ್ಖಾನೆ ನಿಂತಿತ್ತು, ಟ್ಯಾಂಕ್ ಮಾತ್ರ ತುಂಬಿತ್ತು. ತಂಪು ಮಾಡುವ ಯಂತ್ರ ಹಗಲು ಓಡುತ್ತಿತ್ತು, ಸಂಜೆಯಾದರೆ ನಿಲ್ಲುತ್ತಿತ್ತು. ತಾಪಮಾಪಕ ಇದ್ದದ್ದು ಟ್ಯಾಂಕಿನ ತಳದಲ್ಲಿ. ಮೇಲಿನ ಪದರ ಕುದಿಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ತಡೆಯುವ ರಾಸಾಯನಿಕ ಸಾಕಷ್ಟು ಇರಲಿಲ್ಲ. ಸೈರನ್ ಒತ್ತಲು 36 ಕಡೆ ವ್ಯವಸ್ಥೆ ಇತ್ತು, ಒಂದನ್ನೂ ಯಾರೂ ಒತ್ತಲಿಲ್ಲ. ಸೈರನ್ ಕೂಗಿದ್ದರೆ ಕೆಲವು ಜೀವಗಳಾದರೂ ಉಳಿಯುತ್ತಿದ್ದವು ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

ಈ ಕಾರ್ಖಾನೆಗೆ ನಮ್ಮ ನಂಟೂ ಉಂಟು. 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂಬ ಹೆಸರಿನಲ್ಲಿ ಶುರುವಾದ ಇದು 1978ರಲ್ಲಿ ಬೆಂಗಳೂರಿನ ಯುಬಿ ಸಮೂಹದ ಮ್ಯಾಕ್‌ಡೊವೆಲ್ ಕಂಪನಿಯೊಳಗೆ ಸೇರಿತ್ತು. 1997ರಲ್ಲಿ ದಕ್ಷಿಣ ಕೊರಿಯಾದ ಎಲ್‌ಜಿ ಕೆಮ್ ಅದನ್ನು ಕೊಂಡಿತು. ಒಡೆತನ ಕೈಬದಲಾಗುತ್ತ ಹೋಯಿತು, ಊರು ಕಾರ್ಖಾನೆಯ ಗೋಡೆಯವರೆಗೂ ಬೆಳೆಯಿತು. ಉತ್ಪಾದನೆಯ ಪ್ರಮಾಣಕ್ಕೆ ತಕ್ಕ ಪರಿಸರ ಅನುಮತಿ ತನ್ನ ಬಳಿ ಇಲ್ಲವೆಂದು ಕಂಪನಿಯೇ 2019ರ ಮೇ ತಿಂಗಳಲ್ಲಿ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿತ್ತು. ಆಮೇಲೂ ಒಂದು ವರ್ಷ ಕಾರ್ಖಾನೆ ನಡೆಯಿತು. ಕಂಪನಿ ಬರೆದುಕೊಟ್ಟಿತು, ಕಚೇರಿ ಫೈಲಿಗೆ ಸೇರಿಸಿತು, ಟ್ಯಾಂಕಿನ ಬಳಿಗೆ ಯಾರೂ ಹೋಗಲಿಲ್ಲ. ತಪ್ಪು ಕಂಪನಿಯದೂ ಹೌದು, ಆತಿಥ್ಯ ಕೊಟ್ಟ ಸರ್ಕಾರದ್ದೂ ಹೌದು.

ತಂಪು ಮಾಡುವ ಯಂತ್ರ ನಿಂತಿತ್ತು ಎಂಬ ಮಾತನ್ನು ಈ ದೇಶ ಮೊದಲೇ ಒಮ್ಮೆ ಕೇಳಿತ್ತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸಯನೇಟನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಾಗಿದ್ದ ಶೀತಲ ಘಟಕವನ್ನು 1984ರ ಜೂನ್‌ನಲ್ಲಿಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರ ದುರಸ್ತಿಗಾಗಿ ಕೆಲಸ ನಿಲ್ಲಿಸಿತ್ತು. ಡಿಸೆಂಬರ್ 2ರ ರಾತ್ರಿ ಟ್ಯಾಂಕಿಗೆ ನೀರು ಸೇರಿ ವಿಷಾನಿಲ ಸೋರಿತು, ಬೆಳಗಾಗುವುದರೊಳಗೆ ಸಾವಿರಾರು ಜನ ಸತ್ತರು. ಯೂನಿಯನ್ ಕಾರ್ಬೈಡ್ ಇದೇ ಅನಿಲವನ್ನು ಅಮೆರಿಕದ ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲೂ ತಯಾರಿಸುತ್ತಿತ್ತು. ಭೋಪಾಲದ ಕಂಪನಿಯಲ್ಲಿ ಅದರ ಪಾಲು ಶೇ 50.9. ಆದರೂ ನ್ಯಾಯಾಲಯದಲ್ಲಿ ಅದು ಹಿಡಿದ ವಾದ, ಭಾರತದ ಕಂಪನಿಯೇ ಬೇರೆ, ದಿನನಿತ್ಯದ ಆಡಳಿತ ಅವರದೇ ಎಂಬುದು. ಲಾಭ ಎಣಿಸುವಾಗ ಒಂದೇ ಕಂಪನಿ, ಹೊಣೆ ಹೊರುವಾಗ ಎರಡು ಕಂಪನಿ. ಬಹುರಾಷ್ಟ್ರೀಯ ಉದ್ಯಮದ ಸುರಕ್ಷತೆಯ ಸಮಸ್ಯೆಯೆಲ್ಲ ಈ ಸಂದಿಯಲ್ಲೇ ಅಡಗಿದೆ. ಭೋಪಾಲದ ಆಘಾತದಿಂದ ಅಮೆರಿಕ 1986ರಲ್ಲಿ ಕಾನೂನು ತಂದು, ಪಕ್ಕದ ಕಾರ್ಖಾನೆಯಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ತಿಳಿಯುವ ಹಕ್ಕನ್ನು ತನ್ನ ಪ್ರಜೆಗಳಿಗೆ ಕೊಟ್ಟಿತು. ಸತ್ತವರು ನಮ್ಮವರು. ಮೂವತ್ತೈದು ವರ್ಷ ಕಳೆದ ಮೇಲೂ ವೆಂಕಟಾಪುರದ ಜನ ಗೋಡೆಯ ಆಚೆ ಏನಿದೆ ಎಂದು ತಿಳಿಯದೆ ಮಲಗಿದ್ದರು.

ಕೊಡೈಕನಾಲ್ ಇನ್ನೊಂದು ಬಗೆಯ ಪಾಠ ಹೇಳುತ್ತದೆ. ಅಲ್ಲಿ ಸಿಡಿದದ್ದು ಏನೂ ಇಲ್ಲ. ಪಾದರಸದ ಥರ್ಮಾಮೀಟರ್ ಮಾಡುವ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಅಮೆರಿಕದಿಂದ ಆ ಬೆಟ್ಟಕ್ಕೆ ಬಂತು, 1987ರಲ್ಲಿ ಹಿಂದೂಸ್ತಾನ್ ಲಿವರ್ ಕೈಸೇರಿತು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯಲ್ಲಿ ಪಾದರಸ ಅಂಟಿದ ಒಡೆದ ಗಾಜಿನ ರಾಶಿ ಸಿಕ್ಕಿದಾಗ ವಿಷಯ ಬಯಲಾಯಿತು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಕಸವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳಿಸಬೇಕಾಯಿತು. 591 ಮಾಜಿ ಕಾರ್ಮಿಕರಿಗೆ ಪರಿಹಾರದ ಒಪ್ಪಂದವಾದದ್ದು 2016ರ ಮಾರ್ಚ್‌ನಲ್ಲಿ, ಹದಿನೈದು ವರ್ಷಗಳ ಹೋರಾಟದ ನಂತರ. ಮಣ್ಣಿನಲ್ಲಿ ಕಿಲೋಗೆ 20 ಮಿಲಿಗ್ರಾಂ ಪಾದರಸ ಉಳಿದರೆ ಅಡ್ಡಿಯಿಲ್ಲ ಎಂಬ ಮಾನದಂಡ ಅಲ್ಲಿ ನಿಗದಿಯಾದಾಗ, ಮಾತೃಸಂಸ್ಥೆಯ ನಾಡಾದ ಬ್ರಿಟನ್ನಿನಲ್ಲಿ ಜನವಸತಿಯ ನೆಲಕ್ಕೆ ಇಷ್ಟು ಸಡಿಲ ಮಿತಿಯನ್ನು ಒಪ್ಪುತ್ತಿದ್ದಿರಾ ಎಂದು ಹೋರಾಟಗಾರರು ಕೇಳಿದರು. ಸರಿಯಾದ ಪ್ರಶ್ನೆ ಅದು. ಕಾರ್ಖಾನೆ ಹೊರಡುವಾಗ ಏನನ್ನು ಬಿಟ್ಟುಹೋಗುತ್ತದೆ ಎಂಬುದನ್ನು ಅದು ಬರುವಾಗಲೇ ಕೇಳಬೇಕು.

ಕೇಳಿದರೆ ಕಾನೂನಿನಲ್ಲಿ ಬೆಲೆ ಉಂಟೇ ಎಂದು ತಮ್ಮ ಅಧಿಕಾರಿಗಳು ಅನುಮಾನಪಟ್ಟಾರು. ಉಂಟು. ಜಾಂಬಿಯಾದ ಚಿಂಗೋಲಾ ಬಳಿಯ ಕೊಂಕೋಲಾ ತಾಮ್ರದ ಗಣಿಯಿಂದ ನದಿ ಕೆಟ್ಟು ಬದುಕು ಹಾಳಾಗಿದೆ ಎಂದು 1,826 ಹಳ್ಳಿಗರು ಅದರ ಮಾತೃಸಂಸ್ಥೆ ವೇದಾಂತದ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿದರು. ಗಣಿ ನಡೆಸುವುದು ಜಾಂಬಿಯಾದ ಕಂಪನಿ, ನಾವಲ್ಲ ಎಂದಿತು ವೇದಾಂತ. 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು, ಮಾತೃಸಂಸ್ಥೆಯ ಹೊಣೆಯ ಪ್ರಶ್ನೆ ವಿಚಾರಣೆಗೆ ಯೋಗ್ಯ, ಅದನ್ನು ಇಲ್ಲಿಯೇ ನಡೆಸಬಹುದು ಎಂದಿತು. ಅದಕ್ಕೆ ಆಧಾರವಾದದ್ದು ವೇದಾಂತವೇ ಪ್ರಕಟಿಸಿದ್ದ ಬರಹ: ಇಡೀ ಸಮೂಹಕ್ಕೆ ಪರಿಸರದ ಮಾನದಂಡ ರೂಪಿಸಿ, ತರಬೇತಿ ಕೊಟ್ಟು, ಮೇಲ್ವಿಚಾರಣೆ ಮಾಡುತ್ತೇವೆ ಎಂಬ ಹೇಳಿಕೆ. ಮುಂದೆ 2021ರಲ್ಲಿ, ಹೊಣೆ ಒಪ್ಪಿಕೊಳ್ಳದೆಯೇ, ಕಂಪನಿ ರಾಜಿ ಮಾಡಿಕೊಂಡಿತು. ಮಾತೃಸಂಸ್ಥೆ ಬರೆದುಕೊಟ್ಟ ಮಾತಿಗೆ ತೂಕವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದನ್ನು ಬರೆಸಿಕೊಳ್ಳುವ ಜಾಣತನ ನಮಗೆ ಬೇಕು.

ಆದ್ದರಿಂದ ಒಪ್ಪಂದಕ್ಕೆ ಸೇರಬೇಕಾದ ಆ ಪುಟದಲ್ಲಿ ಈ ಐದು ಮಾತುಗಳಿರಲಿ.

ಮೊದಲನೆಯದು, ಮಾನದಂಡ. ದೊಡ್ಡ ಕಂಪನಿಗಳೆಲ್ಲ ಪರಿಸರ, ಆರೋಗ್ಯ, ಸುರಕ್ಷತೆಗೆಂದು ತಮ್ಮದೇ ನಿಯಮಾವಳಿ ಇಟ್ಟುಕೊಂಡಿರುತ್ತವೆ. ಅದನ್ನೇ ಒಪ್ಪಂದದ ಅನುಬಂಧವಾಗಿಸಿ. ಅವರ ನಾಡಿನ ನಿಯಮಕ್ಕೂ ನಮ್ಮ ಕಾನೂನಿಗೂ ವ್ಯತ್ಯಾಸ ಬಂದಲ್ಲಿ ಎರಡರಲ್ಲಿ ಬಿಗಿಯಾದದ್ದು ನಡೆಯಲಿ. ಸಹಿ ಇಲ್ಲಿಯ ಅಂಗಸಂಸ್ಥೆಯದಷ್ಟೇ ಸಾಲದು, ಮಾತೃಸಂಸ್ಥೆಯದೂ ಬೇಕು.

ಎರಡನೆಯದು, ಅಧಿಕಾರ. ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಉತ್ಪಾದನೆಯ ಮ್ಯಾನೇಜರಿನ ಕೈಕೆಳಗೆ ಇದ್ದರೆ, ಯಂತ್ರ ನಿಲ್ಲಿಸಿ ಎನ್ನುವ ಧೈರ್ಯ ಆತನಿಗೆ ಎಲ್ಲಿಂದ ಬರಬೇಕು? ಆತ ನೇರವಾಗಿ ಮಾತೃಸಂಸ್ಥೆಯ ಸುರಕ್ಷತಾ ವಿಭಾಗಕ್ಕೆ ವರದಿ ಮಾಡುವಂತಾಗಲಿ, ಕೆಲಸ ನಿಲ್ಲಿಸುವ ಅಧಿಕಾರ ಆತನಿಗೆ ಬರಹದಲ್ಲಿ ಸಿಗಲಿ. ಗುತ್ತಿಗೆ ಕಾರ್ಮಿಕರಿಗೂ ಕಾಯಂ ನೌಕರರಿಗೂ ಒಂದೇ ತರಬೇತಿ, ಒಂದೇ ರಕ್ಷಣಾ ಸಾಧನ, ಒಂದೇ ಆರೋಗ್ಯ ತಪಾಸಣೆ ಇರಲಿ.

ಮೂರನೆಯದು, ಮಾಹಿತಿ. ಕಾರ್ಖಾನೆಯಲ್ಲಿ ಯಾವ ರಾಸಾಯನಿಕ ಎಷ್ಟಿದೆ, ಸೋರಿದರೆ ಏನಾಗುತ್ತದೆ, ಯಾವ ಕಡೆಗೆ ಓಡಬೇಕು, ಮೊದಲು ಯಾವ ಚಿಕಿತ್ಸೆ ಆಗಬೇಕು ಎಂಬುದು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿನ ಮೇಲೂ ಇರಲಿ. ಒಳಗೆ ದುಡಿಯುವವರಲ್ಲಿ ಬಿಹಾರ, ಒಡಿಶಾದವರೂ ಇರುತ್ತಾರೆ. ಅವರಿಗೆ ಅವರ ಭಾಷೆಯಲ್ಲಿ ತಿಳಿಸಲಿ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದ ಪ್ರಕಾರ ಕಾರ್ಖಾನೆಯೊಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ, ಹೊರಗಿನದು ವರ್ಷಕ್ಕೊಮ್ಮೆ ಆಗಬೇಕು. ಊರಿನ ಜನರೂ ಅದರಲ್ಲಿ ಪಾಲ್ಗೊಳ್ಳಲಿ, ಸೈರನ್ ಕೂಗಿದಾಗ ಏನು ಮಾಡಬೇಕೆಂದು ಮಕ್ಕಳಿಗೂ ತಿಳಿದಿರಲಿ.

ನಾಲ್ಕನೆಯದು, ನಿಲುಗಡೆಯ ಕಾಲ. ವಿಶಾಖಪಟ್ಟಣದಲ್ಲಿ ಅನಾಹುತವಾದದ್ದು ಕಾರ್ಖಾನೆ ನಿಂತಿದ್ದಾಗ. ಅದಾದ ಎರಡು ದಿನಕ್ಕೆ, ಲಾಕ್‌ಡೌನಿನ ನಂತರ ಕಾರ್ಖಾನೆ ತೆರೆಯುವ ಬಗ್ಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಮುಷ್ಕರ, ಪ್ರವಾಹ, ಬೇಡಿಕೆಯ ಕುಸಿತ, ಕಾರಣ ಯಾವುದೇ ಇರಲಿ, ಅಪಾಯಕಾರಿ ರಾಸಾಯನಿಕವನ್ನು ತುಂಬಿಟ್ಟುಕೊಂಡು ನಿಂತ ಕಾರ್ಖಾನೆಗೆ ಹೊರಗಿನ ತಜ್ಞರ ತಪಾಸಣೆ ಕಡ್ಡಾಯವಾಗಲಿ.

ಐದನೆಯದು, ವಿದಾಯದ ಖರ್ಚು. ನೆಲವನ್ನೂ ನೀರನ್ನೂ ಮೊದಲಿನಂತೆ ಮಾಡಲು ಬೇಕಾದ ಠೇವಣಿಯನ್ನು ಕಂಪನಿ ಶುರುವಿನಲ್ಲೇ ಇಡಲಿ. ಭೂಮಿ ಹಸ್ತಾಂತರಕ್ಕೆ ಮುನ್ನ ಅಲ್ಲಿಯ ಮಣ್ಣು, ಬಾವಿ, ಕೆರೆಗಳ ಪರೀಕ್ಷೆ ನಡೆಸಿ ದಾಖಲೆ ಇಡಲಿ. ಇಲ್ಲದಿದ್ದರೆ ಕೆಟ್ಟದ್ದು ಯಾರಿಂದ ಎಂಬ ವಾದವೇ ಇಪ್ಪತ್ತು ವರ್ಷ ನಡೆಯುತ್ತದೆ.

ಇಷ್ಟೆಲ್ಲ ಕೇಳಿದರೆ ಹೂಡಿಕೆದಾರರು ನೆರೆರಾಜ್ಯಗಳ ಶ್ರೀಪೆರಂಬದೂರಿಗೋ ಶ್ರೀಸಿಟಿಗೋ ಹೋಗುತ್ತಾರೆ ಎಂಬ ಭಯ ತಮ್ಮ ಇಲಾಖೆಯಲ್ಲಿ ಇದ್ದೇ ಇರುತ್ತದೆ. ಅದು ಹುಸಿ ಭಯ ಎಂದು ನಾನು ಹೇಳುವುದಿಲ್ಲ. ಆದರೆ ಅವರು ಕೇಳಿದ್ದನ್ನು ನಾವು ಕೊಡುತ್ತಲೇ ಬಂದಿದ್ದೇವೆ. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು, ಷರತ್ತುಗಳೊಂದಿಗೆ ಮಹಿಳೆಯರಿಗೆ ರಾತ್ರಿ ಪಾಳಿ ಕೊಡಲು ದಾರಿ ಮಾಡಿತು. ವಿದೇಶಿ ಎಲೆಕ್ಟ್ರಾನಿಕ್ಸ್ ತಯಾರಕರನ್ನು ಸೆಳೆಯುವ ಉದ್ದೇಶ ಇದರ ಹಿಂದಿದೆ ಎಂದು ಆಗ ವರದಿಯಾಗಿತ್ತು. ಅವರ ಬೇಡಿಕೆಗೆ ಕಾನೂನನ್ನೇ ಬದಲಿಸಬಲ್ಲ ಸರ್ಕಾರಕ್ಕೆ, ಅವರ ಊರಿನ ನಿಯಮವನ್ನು ಇಲ್ಲಿಯೂ ಪಾಲಿಸಿ ಎಂದು ಕೇಳುವ ಹಕ್ಕಿಲ್ಲವೇ? ಮೇಲಾಗಿ, ಫ್ರಾನ್ಸ್ 2017ರಲ್ಲಿ ಕಾನೂನು ಮಾಡಿ, ಜರ್ಮನಿ 2023ರಿಂದ ಜಾರಿಗೆ ತಂದು, ಹೊರನಾಡಿನ ಕೆಲಸದಲ್ಲೂ ಮನುಷ್ಯರ ಹಕ್ಕು ಮತ್ತು ಪರಿಸರದ ಮೇಲೆ ನಿಗಾ ಇಡುವ ಕರ್ತವ್ಯವನ್ನು ತಮ್ಮ ದೊಡ್ಡ ಕಂಪನಿಗಳ ಮೇಲೆ ಹೊರಿಸಿವೆ. ಅಲ್ಲಿಂದ ಬರುವ ಕಂಪನಿಗೆ ನಮ್ಮ ಪುಟ ಹೊಸದಲ್ಲ. ಅಷ್ಟಕ್ಕೂ ಸಹಿ ಹಾಕಲು ಹಿಂಜರಿಯುವ ಕಂಪನಿ, ತಾನು ಇಲ್ಲಿ ಏನು ಮಾಡಲಿದ್ದೇನೆ ಎಂಬುದನ್ನು ಆ ಹಿಂಜರಿಕೆಯಲ್ಲೇ ಹೇಳಿಬಿಡುತ್ತದೆ.

ಪುಟ ಬರೆದರಷ್ಟೇ ಆಗಲಿಲ್ಲ, ಅದನ್ನು ಕಾಯುವವರೂ ಬೇಕು. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಹಾಗೂ ಮಾಲಿನ್ಯ ನಿಯಂತ್ರಣ ಮಂಡಳಿ ತಮ್ಮ ಖಾತೆಗೆ ಸೇರಿದವಲ್ಲ ಎಂದು ಬಲ್ಲೆ. ಆದರೆ ಅವರ ಕೆಲಸ ಹೆಚ್ಚುವುದು ತಾವು ತರುವ ಹೂಡಿಕೆಯಿಂದ. ಆದ್ದರಿಂದ ಸಂಪುಟದಲ್ಲಿ ಅವರ ಪರವಾಗಿ ಮಾತಾಡಬೇಕಾದವರೂ ತಾವೇ. ಖಾಲಿ ಹುದ್ದೆಗಳು ತುಂಬಲಿ, ರಸಾಯನಶಾಸ್ತ್ರ ಬಲ್ಲ ಪರಿವೀಕ್ಷಕರೂ ಔದ್ಯೋಗಿಕ ರೋಗಗಳನ್ನು ಗುರುತಿಸಬಲ್ಲ ವೈದ್ಯರೂ ನೇಮಕವಾಗಲಿ. ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲ ಜನ ದುರ್ವಾಸನೆ, ಕೆಟ್ಟ ನೀರು, ಅನಾರೋಗ್ಯದ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಅವರಿಗೆ ಸಿಗುವ ಉತ್ತರದಿಂದಲೇ ಮುಂದಿನ ಊರಿನವರು ತಮ್ಮ ಮಾತನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಇದಕ್ಕೆ ಹೊಸ ಶಾಸನಕ್ಕಾಗಿ ಕಾಯಬೇಕಿಲ್ಲ. ಭೂಮಿ ಕೊಡುವವರು ನಾವು, ನೀರು-ವಿದ್ಯುತ್ ಕೊಡುವವರು ನಾವು, ರಿಯಾಯಿತಿ ಕೊಡುವವರೂ ನಾವು. ಷರತ್ತು ಹಾಕುವ ಅಧಿಕಾರ ಕೊಡುವವನಿಗೆ ಇದ್ದೇ ಇರುತ್ತದೆ. ಮುಂದೆ ಯಾವ ವಿದೇಶಿ ಕಂಪನಿಯ ಜೊತೆ ಮೊದಲು ಸಹಿ ಹಾಕುತ್ತೀರೋ, ಆ ಒಪ್ಪಂದದಿಂದಲೇ ಈ ಪುಟ ಶುರುವಾಗಲಿ. ಸಹಿಯಾದ ದಿನವೇ ಅದನ್ನು ಕನ್ನಡದಲ್ಲಿ ಪ್ರಕಟಿಸಿ. ಅದನ್ನು ಓದಲು, ಪಾಲನೆಯಾಗುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳಲು ನಾವು ಸಿದ್ಧರಿದ್ದೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಇತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ನಾಗರಿಕ